ಸರ್ಚ್ ಬಾಕ್ಸ್‌ನಲ್ಲಿ ಒಂದಕ್ಷರ ಒತ್ತಿದರೆ ಇಡೀ ವಿಂಡೋ ಸ್ತಬ್ಧ. ತಪ್ಪು ನನ್ನದಾ, ವಿಜೆಟ್‌ನದಾ?

ಗೀಚುಗಾರ

ಪೈಥಾನ್ ಮತ್ತು ಜಿಟಿಕೆ 4 (ಬಾಕ್ಸ್, ಬಟನ್, ಪಟ್ಟಿ ಮುಂತಾದ ವಿಜೆಟ್‌ಗಳನ್ನು ಕೊಡುವ ಲೈಬ್ರರಿ) ಬಳಸಿ ಒಂದು ಸಣ್ಣ ಡೆಸ್ಕ್‌ಟಾಪ್ ಆಪ್ ಬರೆಯುತ್ತಿದ್ದೇನೆ. ಪುಸ್ತಕಗಳ ಪಟ್ಟಿ, ಸುಮಾರು 18,000 ಸಾಲು. ಮೇಲೆ ಸರ್ಚ್ ಬಾಕ್ಸ್, ಕೆಳಗೆ ಪಟ್ಟಿ. ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಮೊದಲು ಮಾಮೂಲಿ ಎಂಟ್ರಿ (ಟೈಪ್ ಮಾಡುವ ಬಾಕ್ಸ್) ಹಾಕಿದ್ದೆ. ಅದರ ‘ಚೇಂಜ್ಡ್’ ಸಿಗ್ನಲ್ (ಅಕ್ಷರ ಬದಲಾಯಿತು ಎಂಬ ಸೂಚನೆ) ಬಂದಾಗಲೆಲ್ಲ ಪಟ್ಟಿ ಖಾಲಿ ಮಾಡಿ, ಹೊಂದುವ ಸಾಲುಗಳನ್ನು ಒಂದೊಂದಾಗಿ ಮತ್ತೆ ತುಂಬುತ್ತೇನೆ. 200 ಸಾಲು ಹಾಕಿ ನೋಡಿದಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ನಿಜವಾದ ಡೇಟಾ ಹಾಕಿದ ಮೇಲೆ ಒಂದಕ್ಷರ ಒತ್ತಿದರೆ ಎರಡು ಸೆಕೆಂಡ್ ವಿಂಡೋ ಸತ್ತ ಹಾಗೆ ನಿಲ್ಲುತ್ತದೆ. ಒತ್ತಿದ ಅಕ್ಷರವೂ ಕಾಣುವುದಿಲ್ಲ. ಆಮೇಲೆ ಐದು ಅಕ್ಷರ ಒಟ್ಟಿಗೆ ಧುಮುಕುತ್ತವೆ.

ಸರ್ಚ್‌ಎಂಟ್ರಿ ಅಂತ ಬೇರೆಯೇ ವಿಜೆಟ್ ಇದೆ ಎಂದು ನಿನ್ನೆ ಗೊತ್ತಾಯಿತು. ಅದನ್ನೂ ಹಾಕಿ ನೋಡಿದೆ. ಸ್ವಲ್ಪ ಪರವಾಗಿಲ್ಲ, ಆದರೆ ತೊದಲುವುದು ನಿಂತಿಲ್ಲ. ಅದು ಮಾಮೂಲಿ ಎಂಟ್ರಿಗೆ ಭೂತಗನ್ನಡಿ ಚಿತ್ರ ಅಂಟಿಸಿದ್ದಷ್ಟೇನಾ? ಒಳಗೆ ಬೇರೆ ಏನಾದರೂ ಇದೆಯಾ?

ಹಳೇ ಗಡಿಯಾರ

ಡಿಬೌನ್ಸ್ ಮಾಡಿ, ಅಂದರೆ ಟೈಪ್ ಮಾಡುವುದು ನಿಂತು ಸ್ವಲ್ಪ ಹೊತ್ತಾದ ಮೇಲೆ ಮಾತ್ರ ಹುಡುಕಿ. 300 ಮಿಲಿಸೆಕೆಂಡ್ ಇಡಿ. ಕಥೆ ಮುಗಿಯಿತು.

ತಿರುಗುಬಾಣ

ಒಳಗೆ ಸಾಕಷ್ಟಿದೆ. ಮೇಲಿನವರು ಹೇಳಿದ ಡಿಬೌನ್ಸ್ ಅದರಲ್ಲಿ ಆಗಲೇ ಇದೆ. ಸರ್ಚ್‌ಎಂಟ್ರಿಗೆ ‘ಸರ್ಚ್ ಚೇಂಜ್ಡ್’ ಅಂತ ಬೇರೆ ಸಿಗ್ನಲ್ ಇದೆ. ನೀವು ಬೆರಳು ನಿಲ್ಲಿಸಿ 150 ಮಿಲಿಸೆಕೆಂಡ್ ಆದ ಮೇಲೆ ಅದು ಹೊರಡುತ್ತದೆ. ನಡುವೆ ಇನ್ನೊಂದು ಅಕ್ಷರ ಬಂದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಜಿಟಿಕೆ 4.8ರಿಂದ ಈ ಅವಧಿಯನ್ನು ‘ಸರ್ಚ್ ಡಿಲೇ’ ಎನ್ನುವ ಪ್ರಾಪರ್ಟಿಯಲ್ಲಿ ನೀವೇ ಬದಲಾಯಿಸಬಹುದು.

ಹಾಗೆಂದು ‘ಚೇಂಜ್ಡ್’ ಮಾಯವಾಗಿಲ್ಲ. ಅದು ಈಗಲೂ ಒತ್ತಿದ ಕೂಡಲೇ ಬರುತ್ತದೆ. ವಿಜೆಟ್ ಬದಲಾಯಿಸಿ ಸಿಗ್ನಲ್ ಹೆಸರು ಹಾಗೇ ಬಿಟ್ಟವರನ್ನು ಬಹಳ ಜನ ನೋಡಿದ್ದೇನೆ. ನೀವು ಯಾವುದಕ್ಕೆ ಕಟ್ಟಿದ್ದೀರಿ, ಮೊದಲು ಅದನ್ನು ನೋಡಿ.

ಇನ್ನೊಂದು ಮಜಾ ಇದೆ. ಬಾಕ್ಸ್ ಪೂರ್ತಿ ಖಾಲಿಯಾದರೆ ‘ಸರ್ಚ್ ಚೇಂಜ್ಡ್’ ಕಾಯುವುದೇ ಇಲ್ಲ, ತಕ್ಷಣ ಬರುತ್ತದೆ. ಅಳಿಸಿದ ಮೇಲೆ ಇಡೀ ಪಟ್ಟಿ ವಾಪಸ್ ಬರಲಿ ಎಂದು ಯಾರಿಗೂ ಕಾಯಲು ಇಷ್ಟವಿಲ್ಲ ಅಲ್ವಾ, ಅದಕ್ಕೆ.

ಗೀಚುಗಾರ

@ತಿರುಗುಬಾಣ ಹೌದು, ‘ಚೇಂಜ್ಡ್’ಗೇ ಕಟ್ಟಿದ್ದೆ! ಈಗ ಸರಿ ಮಾಡಿದೆ. ವೇಗವಾಗಿ ಟೈಪ್ ಮಾಡಿದರೆ ಒಂದೇ ಸಲ ನಿಲ್ಲುತ್ತದೆ. ನಿಧಾನಕ್ಕೆ ಮಾಡಿದರೆ ಮೊದಲಿನ ಹಾಗೇ ಪ್ರತಿ ಅಕ್ಷರಕ್ಕೂ ನಿಲ್ಲುತ್ತದೆ.

ಅರ್ಧವಿರಾಮ

ನಿಲ್ಲಲೇಬೇಕು. ಎರಡು ಕೀಲಿಗಳ ನಡುವೆ ನೀವು 200 ಮಿಲಿಸೆಕೆಂಡ್ ತೆಗೆದುಕೊಂಡರೆ 150ರ ಕಾಯುವಿಕೆ ಪ್ರತಿ ಸಲವೂ ಮುಗಿಯುತ್ತದೆ. ಪ್ರತಿ ಅಕ್ಷರಕ್ಕೂ ಹುಡುಕಾಟ ನಡೆಯುತ್ತದೆ. ಎರಡು ಬೆರಳಲ್ಲಿ ಟೈಪ್ ಮಾಡುವವರಿಗೆ ಡಿಬೌನ್ಸ್ ಇದ್ದೂ ಇಲ್ಲದ ಹಾಗೆ.

@ಹಳೇ ಗಡಿಯಾರ 300 ಇಡಿ ಅನ್ನುತ್ತೀರಿ. ಇಟ್ಟರೆ ಬೇಗ ಟೈಪ್ ಮಾಡುವವನೂ 300 ಕಾಯಬೇಕು, ಆಮೇಲೆ ಆ ಎರಡು ಸೆಕೆಂಡೂ ಕಾಯಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಹುಡುಕಾಟ ಯಾಕೆ ಎರಡು ಸೆಕೆಂಡ್ ಹಿಡಿಯುತ್ತಿದೆ ಅಂತ ಯಾರೂ ಕೇಳುತ್ತಲೇ ಇಲ್ಲ. 18,000 ಸಾಲು ಒಂದು ಸಾಲೇ? ಮೆಮೊರಿಯಲ್ಲಿರುವ ಅಷ್ಟು ಶೀರ್ಷಿಕೆಯಲ್ಲಿ ಒಂದು ಪದ ಇದೆಯಾ ಎಂದು ನೋಡಲು ಪೈಥಾನ್‌ಗೂ ಕೆಲವೇ ಮಿಲಿಸೆಕೆಂಡ್ ಸಾಕು.

ಹಳೇ ಗಡಿಯಾರ

@ಅರ್ಧವಿರಾಮ ನನ್ನ ಅನುಭವ ಹೇಳಿದೆ ಅಷ್ಟೇ. ನನ್ನ ಪ್ರಾಜೆಕ್ಟ್‌ನಲ್ಲಿ ಡೇಟಾ ನೆಟ್‌ವರ್ಕ್ ಆಚೆ ಇತ್ತು. ಅಲ್ಲಿ ಡಿಬೌನ್ಸ್ ಇಲ್ಲದಿದ್ದರೆ ಸರ್ವರ್ ನೋಡಿಕೊಳ್ಳುವವರು ನನ್ನನ್ನೇ ನೋಡಿಕೊಳ್ಳುತ್ತಿದ್ದರು.

ಅರ್ಧವಿರಾಮ

ನೆಟ್‌ವರ್ಕ್ ಆಚೆ ಇದ್ದರೆ ಒಪ್ಪಿದೆ. ಇಲ್ಲಿ ಮೆಮೊರಿಯಲ್ಲೇ ಇದೆ.

ಶೂನ್ಯಸೂಚಿ

@ಗೀಚುಗಾರ ಪಟ್ಟಿಗೆ ಯಾವ ವಿಜೆಟ್ ಬಳಸಿದ್ದೀರಿ? ಲಿಸ್ಟ್‌ಬಾಕ್ಸಾ, ಲಿಸ್ಟ್‌ವ್ಯೂನಾ?

ಗೀಚುಗಾರ

ಲಿಸ್ಟ್‌ಬಾಕ್ಸ್. ಪ್ರತಿ ಸಾಲಿಗೆ ಒಂದು ಬಾಕ್ಸ್, ಅದರಲ್ಲಿ ಮೂರು ಲೇಬಲ್: ಶೀರ್ಷಿಕೆ, ಲೇಖಕ, ವರ್ಷ.

ಶೂನ್ಯಸೂಚಿ

ಕಳ್ಳ ಸಿಕ್ಕ.

ಲಿಸ್ಟ್‌ಬಾಕ್ಸ್‌ನಲ್ಲಿ ಪ್ರತಿ ಸಾಲಿಗೂ ನಿಜವಾದ ವಿಜೆಟ್ ಹುಟ್ಟುತ್ತದೆ. 18,000 ಸಾಲು, ಪ್ರತಿಯೊಂದರಲ್ಲೂ ಒಂದು ಬಾಕ್ಸ್, ಮೂರು ಲೇಬಲ್, ಮೇಲೆ ಸಾಲಿನದೇ ಒಂದು ವಿಜೆಟ್. ಅಂದರೆ 90,000 ವಿಜೆಟ್. ನೀವು ಒಂದಕ್ಷರ ಒತ್ತಿದರೆ ಅವೆಲ್ಲ ಸಾಯುತ್ತವೆ, ಹೊಂದಿದ ಸಾಲುಗಳಿಗೆ ಹೊಸದಾಗಿ ಮತ್ತೆ ಹುಟ್ಟುತ್ತವೆ. ‘ಅ’ ಒಂದೇ ಅಕ್ಷರ ಒತ್ತಿದಾಗ ಸಾವಿರಾರು ಸಾಲು ಹೊಂದುತ್ತವೆ, ಹಾಗಾಗಿ ಮೊದಲ ಅಕ್ಷರಕ್ಕೇ ಹೊಡೆತ ಜಾಸ್ತಿ.

ಲಿಸ್ಟ್‌ವ್ಯೂ ಅಥವಾ ಕಾಲಂವ್ಯೂ ಹಾಕಿ. ಅವು ಪರದೆಗೆ ಬೇಕಾದಷ್ಟು ವಿಜೆಟ್ ಮಾಡಿ, ಸ್ವಲ್ಪ ಹೆಚ್ಚುವರಿ ಇಟ್ಟುಕೊಂಡು, ಸ್ಕ್ರೋಲ್ ಮಾಡಿದಂತೆ ಅವನ್ನೇ ತಿರುಗಿಸಿ ತಿರುಗಿಸಿ ಬಳಸುತ್ತವೆ. ಸಾಲಿನ ವಿಜೆಟ್ ತಯಾರಿಸುವ ಫ್ಯಾಕ್ಟರಿಯ ‘ಸೆಟಪ್’ನಲ್ಲಿ ಲೇಬಲ್ ಮಾಡಿ, ‘ಬೈಂಡ್’ನಲ್ಲಿ ಅಕ್ಷರ ತುಂಬಿದರೆ ಆಯಿತು. ಹಿಂದೆ ಎಲ್ಲ ಸಾಲು ಇಟ್ಟುಕೊಳ್ಳುವ ಲಿಸ್ಟ್‌ಸ್ಟೋರ್, ಅದರ ಮುಂದೆ ಹೊಂದುವ ಸಾಲನ್ನು ಮಾತ್ರ ಬಿಡುವ ಫಿಲ್ಟರ್‌ಲಿಸ್ಟ್‌ಮಾಡೆಲ್. ಸರ್ಚ್ ಬಾಕ್ಸ್ ಮಾಡಬೇಕಾದ ಕೆಲಸ ಫಿಲ್ಟರ್‌ಗೆ ಹೊಸ ಪದ ಕೊಡುವುದು ಮಾತ್ರ. ಪಟ್ಟಿಯನ್ನು ಅದು ಮುಟ್ಟಲೇಬಾರದು.

ಜಿಟಿಕೆಯಂಥದ್ದೇ ಇನ್ನೊಂದು ಲೈಬ್ರರಿಯಾದ ಕ್ಯೂಟಿಯಲ್ಲೂ ಇದೇ ತಪ್ಪು ಆಗುತ್ತದೆ. ಕ್ಯೂ-ಲಿಸ್ಟ್‌ವಿಜೆಟ್ ಹಾಕಿ ಪ್ರತಿ ಸಲ ಕ್ಲಿಯರ್ ಮಾಡಿ ತುಂಬುತ್ತಾರೆ. ಕ್ಯೂ-ಸಾರ್ಟ್‌ಫಿಲ್ಟರ್‌ಪ್ರಾಕ್ಸಿಮಾಡೆಲ್ ಇರುವುದೇ ಈ ಕೆಲಸಕ್ಕೆ. ಕಾಲಂ ಸಂಖ್ಯೆಗೆ ಮೈನಸ್ 1 ಕೊಟ್ಟರೆ ಎಲ್ಲ ಕಾಲಂನಲ್ಲೂ ಹುಡುಕುತ್ತದೆ.

ಗೀಚುಗಾರ

90,000?! ಇದನ್ನು ಲೆಕ್ಕವೇ ಹಾಕಿರಲಿಲ್ಲ. ವಾರಾಂತ್ಯದಲ್ಲಿ ಬದಲಾಯಿಸಿ ಬಂದು ಹೇಳುತ್ತೇನೆ.

ಮೂಲೆಮನೆ

ಕ್ಯೂಟಿ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ಕ್ಯೂಟಿ ವಿಜೆಟ್ಸ್‌ನಲ್ಲಿ ಸರ್ಚ್ ಬಾಕ್ಸ್ ಎಂಬ ಹೆಸರಿನ ಕ್ಲಾಸ್ ಯಾಕಿಲ್ಲ? ಇಷ್ಟು ದೊಡ್ಡ ಲೈಬ್ರರಿ.

ಶೂನ್ಯಸೂಚಿ

@ಮೂಲೆಮನೆ ಕ್ಯೂ-ಲೈನ್‌ಎಡಿಟನ್ನೇ ಸಿಂಗಾರ ಮಾಡಿಕೊಳ್ಳಬೇಕು. 5.2ರಲ್ಲಿ ಅಳಿಸುವ ಬಟನ್ ತೋರಿಸುವ ಆಯ್ಕೆ ಬಂತು. ಅದೇ ಆವೃತ್ತಿಯಲ್ಲಿ ಬಾಕ್ಸ್ ಒಳಗೇ ಎಡಕ್ಕೆ ಅಥವಾ ಬಲಕ್ಕೆ ಐಕಾನ್ ಇಡುವ ಸೌಲಭ್ಯವೂ ಬಂತು. ಒಂದು ಟೈಮರ್ ಸೇರಿಸಿ, ಸಿಂಗಲ್‌ಶಾಟ್ ಮಾಡಿ (ಒಂದೇ ಸಲ ಹೊಡೆಯುವಂತೆ), ಪ್ರತಿ ಅಕ್ಷರಕ್ಕೂ ‘ಸ್ಟಾರ್ಟ್’ ಕರೆಯಿರಿ. ಓಡುತ್ತಿರುವ ಟೈಮರ್‌ಗೆ ಸ್ಟಾರ್ಟ್ ಅಂದರೆ ಅದು ಮೊದಲಿಂದ ಎಣಿಸುತ್ತದೆ. ನಾಲ್ಕು ಸಾಲಿನಲ್ಲಿ ಸರ್ಚ್ ಬಾಕ್ಸ್ ಸಿದ್ಧ.

ಒಂದು ಎಚ್ಚರಿಕೆ. ‘ಟೆಕ್ಸ್ಟ್ ಚೇಂಜ್ಡ್’ ಬೇರೆ, ‘ಟೆಕ್ಸ್ಟ್ ಎಡಿಟೆಡ್’ ಬೇರೆ. ಎರಡನೆಯದು ಮನುಷ್ಯ ಟೈಪ್ ಮಾಡಿದಾಗ ಮಾತ್ರ ಬರುತ್ತದೆ. ಕೋಡ್‌ನಿಂದ ನೀವೇ ಪದ ತುಂಬಿದರೆ ಬರುವುದಿಲ್ಲ. ಹಳೆಯ ಹುಡುಕಾಟಗಳ ಮೆನುವಿನಿಂದ ಒಂದನ್ನು ಆರಿಸಿದಾಗ ‘ಹುಡುಕುತ್ತಲೇ ಇಲ್ಲ’ ಎಂದು ನಾನೊಮ್ಮೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.

ನಿಶಾಚರ

ಮೈಕ್ರೋಸಾಫ್ಟ್‌ನ ವಿನ್‌ಯುಐ ಲೈಬ್ರರಿಯ ಆಟೋಸಜೆಸ್ಟ್‌ಬಾಕ್ಸ್‌ನಲ್ಲಿ ಈ ಗೊಂದಲ ಇಲ್ಲ. ಅಕ್ಷರ ಬದಲಾದಾಗ ಅದು ಕಾರಣವನ್ನೂ ಜೊತೆಗೆ ಕೊಡುತ್ತದೆ: ಬಳಕೆದಾರ ಟೈಪ್ ಮಾಡಿದನಾ, ಕೋಡ್ ತುಂಬಿತಾ, ಸಲಹೆಯೊಂದನ್ನು ಆರಿಸಿದನಾ. ಟೈಪ್ ಮಾಡಿದ್ದರೆ ಮಾತ್ರ ಹೊಸ ಸಲಹೆ ಹುಡುಕಿ. ಇಲ್ಲದಿದ್ದರೆ ಸಲಹೆ ಆರಿಸಿದ ಕೂಡಲೇ ಮತ್ತೊಂದು ಸಲಹೆ ಪಟ್ಟಿ ತೆರೆದು, ಆರಿಸಿದವನಿಗೆ ತಲೆ ಕೆಡುತ್ತದೆ.

ಅವರದೇ ಡಬ್ಲ್ಯೂಪಿಎಫ್‌ನಲ್ಲಿ ಇನ್ನೂ ಸುಲಭ. ಬಾಕ್ಸನ್ನು ಡೇಟಾಗೆ ಜೋಡಿಸುವ ಬೈಂಡಿಂಗ್‌ಗೇ ‘ಡಿಲೇ’ ಅಂತ ಒಂದು ಪ್ರಾಪರ್ಟಿ ಇದೆ, ಡಾಟ್‌ನೆಟ್ 4.5ರಿಂದ. ಟೈಮರ್ ಬರೆಯುವ ಗೋಜೇ ಇಲ್ಲ.

ಪುಟಾಣಿ ಪ್ರೋಗ್ರಾಮರ್

ನಾನು ಪೈಥಾನ್ ಜೊತೆಗೇ ಬರುವ ಟಿಕಿಂಟರ್ ಲೈಬ್ರರಿಯಲ್ಲಿ ಕಲಿಯುತ್ತಿದ್ದೇನೆ. ಅದರಲ್ಲಿ ಸರ್ಚ್ ವಿಜೆಟ್ ಇದೆಯಾ ಸರ್? ಟೈಮ್ ಸ್ಲೀಪ್ ಹಾಕಿದರೆ ಇನ್ನೂ ನಿಂತುಹೋಗುತ್ತಿದೆ.

ಅರ್ಧವಿರಾಮ

@ಪುಟಾಣಿ ಪ್ರೋಗ್ರಾಮರ್ ಸ್ಲೀಪ್ ಬೇಡ! ಅದು ಇಡೀ ವಿಂಡೋವನ್ನೇ ಮಲಗಿಸುತ್ತದೆ. ಪರದೆ ಬಿಡಿಸುವುದು, ಕೀಲಿ ಓದುವುದು, ನಿಮ್ಮ ಫಂಕ್ಷನ್ ಓಡುವುದು ಎಲ್ಲ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೊಂದು ನಡೆಯುವ ಒಂದೇ ಸರದಿಯಲ್ಲಿ. ಅದು ಮಲಗಿದರೆ ಕೆಲಸ ಮಾಡುವವರು ಬೇರೆ ಯಾರೂ ಇಲ್ಲ.

ಬೇರೆ ವಿಜೆಟ್ ಇಲ್ಲ, ಎಂಟ್ರಿಯನ್ನೇ ಬಳಸಿ. ಪ್ರತಿ ವಿಜೆಟ್‌ಗೂ ‘ಆಫ್ಟರ್’ ಎಂಬ ಮೆಥಡ್ ಇದೆ: ಇಷ್ಟು ಮಿಲಿಸೆಕೆಂಡ್ ಆದ ಮೇಲೆ ಈ ಫಂಕ್ಷನ್ ಕರೆ ಎಂದು ಹೇಳಿ ಹೊರಟುಬಿಡಬಹುದು. ಅದು ವಾಪಸ್ ಕೊಡುವ ಗುರುತನ್ನು ಇಟ್ಟುಕೊಳ್ಳಿ. ಮುಂದಿನ ಅಕ್ಷರ ಬಂದಾಗ ಆ ಗುರುತು ಕೊಟ್ಟು ‘ಆಫ್ಟರ್ ಕ್ಯಾನ್ಸಲ್’ ಮಾಡಿ, ಹೊಸದಾಗಿ ‘ಆಫ್ಟರ್’ ಹಾಕಿ. ಅಷ್ಟೇ ಡಿಬೌನ್ಸ್. ಅಕ್ಷರ ಬದಲಾದದ್ದು ತಿಳಿಯಲು ಎಂಟ್ರಿಯ ಅಕ್ಷರ ಹಿಡಿದಿಡುವ ಸ್ಟ್ರಿಂಗ್‌ವಾರ್‌ಗೆ ‘ಟ್ರೇಸ್’ ಹಾಕುವುದು ಒಳ್ಳೆಯದು. ಕೀಲಿ ಬಿಟ್ಟಾಗ ಬರುವ ಈವೆಂಟ್ ನಂಬಿದರೆ, ಮೌಸ್‌ನಿಂದ ಪೇಸ್ಟ್ ಮಾಡಿದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಪುಟಾಣಿ ಪ್ರೋಗ್ರಾಮರ್

ಕೆಲಸ ಮಾಡಿತು ಸರ್, ಥ್ಯಾಂಕ್ಸ್ 🙏

ನಿಶಾಚರ

ಥ್ರೆಡ್ ಮಾತು ಬಂದದ್ದಕ್ಕೆ ನನ್ನ ಗೋಳೂ ಸೇರಿಸುತ್ತೇನೆ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ಹುಡುಕಾಟವನ್ನು ಹಿನ್ನೆಲೆ ಥ್ರೆಡ್‌ಗೆ ಹಾಕಿದೆವು. ವಿಂಡೋ ನಿಲ್ಲುವುದು ತಪ್ಪಿತು, ಎಲ್ಲರೂ ಖುಷಿ. ಒಂದು ತಿಂಗಳಾದ ಮೇಲೆ ದೂರು ಬಂತು: ‘ಬಾಕ್ಸ್‌ನಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಬೇರೆಯೇ ಜನ.’

ಆದದ್ದು ಇಷ್ಟು. ‘ರಾ’ ಎಂದು ಹುಡುಕಿದರೆ ಸಾವಿರಾರು ಫಲಿತಾಂಶ, ಅದಕ್ಕೆ ಸಮಯ ಜಾಸ್ತಿ. ‘ರಾಘವ’ ಎಂದರೆ ನಾಲ್ಕೇ, ಬೇಗ ಬರುತ್ತದೆ. ಆದ್ದರಿಂದ ನಂತರ ಕೇಳಿದ ‘ರಾಘವ’ ಮೊದಲು ಬಂದು ಪರದೆಯಲ್ಲಿ ಕೂತಿತು. ಮೊದಲು ಕೇಳಿದ ‘ರಾ’ ತಡವಾಗಿ ಬಂದು ಅದರ ಮೇಲೆ ಕೂತಿತು. ನಮ್ಮ ಡೆವಲಪ್‌ಮೆಂಟ್ ಯಂತ್ರಗಳು ಎಷ್ಟು ವೇಗ ಅಂದರೆ ಅಲ್ಲಿ ಒಮ್ಮೆಯೂ ಹೀಗೆ ಆಗಿರಲಿಲ್ಲ.

ಮದ್ದು ಸುಲಭ. ಪ್ರತಿ ಹುಡುಕಾಟಕ್ಕೂ ಒಂದು ಸಂಖ್ಯೆ ಕೊಡಿ, ಒಂದೊಂದಾಗಿ ಏರಿಸುತ್ತಾ ಹೋಗಿ. ಫಲಿತಾಂಶ ಬಂದಾಗ ಅದರ ಸಂಖ್ಯೆ ಈಗಿನ ಸಂಖ್ಯೆಗೆ ಸಮ ಇಲ್ಲದಿದ್ದರೆ ಸುಮ್ನೆ ಎಸೆಯಿರಿ. ಹಳೆಯದನ್ನು ರದ್ದು ಮಾಡಲು ಸಾಧ್ಯವಾದರೆ ಮಾಡಿ, ಜಿಟಿಕೆ ಲೋಕದಲ್ಲಿ ಕ್ಯಾನ್ಸಲೆಬಲ್ ಇದೆ, ಡಾಟ್‌ನೆಟ್‌ನಲ್ಲಿ ಕ್ಯಾನ್ಸಲೇಶನ್ ಟೋಕನ್ ಇದೆ. ಆದರೆ ರದ್ದು ಮಾಡು ಎಂದು ಹೇಳುವ ಹೊತ್ತಿಗೆ ಉತ್ತರ ಹೊರಟಿರಬಹುದು. ಸಂಖ್ಯೆ ನೋಡುವುದನ್ನು ಬಿಡಬೇಡಿ.

ಹಳೇ ಗಡಿಯಾರ

@ನಿಶಾಚರ ನೋಡಿ, ಡಿಬೌನ್ಸ್ ಇದ್ದಿದ್ದರೆ ‘ರಾ’ ಹೋಗುತ್ತಲೇ ಇರಲಿಲ್ಲ 😄

ನಿಶಾಚರ

ಇತ್ತು ಸ್ವಾಮಿ. 250 ಇತ್ತು. ಆ ಮಹಾಶಯರು ‘ರಾ’ ಒತ್ತಿ ಫೋನ್ ಎತ್ತಿಕೊಂಡು, ಆಮೇಲೆ ‘ಘವ’ ಒತ್ತಿದ್ದರು.

ಕೊನೆಸಾಲು

ಜಾವಾ ಸ್ವಿಂಗ್ ಮಂದಿ ಯಾರಾದರೂ ಇದ್ದೀರಾ, ಅಥವಾ ನಾನೊಬ್ಬನೇನಾ? ಅಲ್ಲಿ ಟೇಬಲ್‌ರೋಸಾರ್ಟರ್‌ಗೆ ರೋಫಿಲ್ಟರ್ ಹಾಕಿದರೆ ಆಯಿತು, ಜಾವಾ 6ರಿಂದ ಇದೆ. ಎಲ್ಲರೂ ರೆಗೆಕ್ಸ್ (ವಿಶೇಷ ಚಿಹ್ನೆಗಳಿಂದ ಬರೆಯುವ ಹುಡುಕಾಟದ ಪ್ಯಾಟರ್ನ್) ಫಿಲ್ಟರ್ ಹಾಕಿ ಬಿಟ್ಟುಬಿಡುತ್ತಾರೆ. ಬಳಕೆದಾರ ಒಂದು ಆರಂಭದ ಆವರಣ ಚಿಹ್ನೆ ಒತ್ತಿದರೆ ಸಾಕು, ಪ್ಯಾಟರ್ನ್ ತಪ್ಪು ಎಂದು ಎಕ್ಸೆಪ್ಶನ್ ಹಾರುತ್ತದೆ. ಅವನು ಮುಚ್ಚುವ ಆವರಣ ಒತ್ತುವವರೆಗಾದರೂ ಕಾಯಬೇಡವೇ! ಪ್ಯಾಟರ್ನ್ ಕ್ಲಾಸ್‌ನ ‘ಕೋಟ್’ ಮೆಥಡ್‌ನಲ್ಲಿ ಪದವನ್ನು ಹಾಯಿಸಿ ಕೊಡಿ, ಚಿಹ್ನೆಗಳು ಬರೀ ಚಿಹ್ನೆಗಳಾಗಿ ಉಳಿಯುತ್ತವೆ.

ರೆಗೆಕ್ಸ್‌ನಲ್ಲಿ ಹುಡುಕುವ ಬಳಕೆದಾರ ಎಂದರೆ ಸಾಮಾನ್ಯವಾಗಿ ಆ ಆಪ್ ಬರೆದವನೇ.

ಮೂಲೆಮನೆ

@ಕೊನೆಸಾಲು ಹಹ್ಹಾ. ನನ್ನ ಆಪ್‌ನಲ್ಲಿ ರೆಗೆಕ್ಸ್ ಗುಂಡಿ ಇದೆ. ಒತ್ತುವವನು ನಾನೊಬ್ಬನೇ. ನಿಜ.

ಒತ್ತಕ್ಷರ

ಎಲ್ಲರೂ ವೇಗದ ಬಗ್ಗೆ ಮಾತಾಡುತ್ತಿದ್ದೀರಿ. ಕನ್ನಡ ಪದ ಹಾಕಿ ನೋಡಿದ್ದೀರಾ ಯಾರಾದರೂ? ಕಣ್ಣೆದುರೇ ಇರುವ ಪದ ‘ಸಿಗಲಿಲ್ಲ’ ಎಂದು ಬರುತ್ತದೆ. ಮೂರು ಕಡೆ ಮುಗ್ಗರಿಸಿದ್ದೇನೆ.

ಮೊದಲನೆಯದು ‘ಕೊ’ ಮತ್ತು ‘ಕೋ’ ತರಹದ ಗುಣಿತಾಕ್ಷರ. ಯೂನಿಕೋಡ್‌ನಲ್ಲಿ ‘ಒ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ಕಾರದ ಚಿಹ್ನೆ ಮತ್ತು ‘ಊ’ಕಾರದ ಚಿಹ್ನೆ ಎರಡನ್ನು ಪಕ್ಕಪಕ್ಕ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡೂ ಬೇರೆ. ಈ, ಏ, ಐ, ಓ ಚಿಹ್ನೆಗಳಿಗೂ ಹೀಗೇ. ಹುಡುಕುವ ಪದ, ಪಟ್ಟಿಯ ಪದ ಎರಡನ್ನೂ ಒಂದೇ ರೀತಿ ನಾರ್ಮಲೈಸ್ ಮಾಡಿ (ಒಂದೇ ಸಂಕೇತರೂಪಕ್ಕೆ ತನ್ನಿ), ಆಮೇಲೆ ಹೋಲಿಸಿ.

ಎರಡನೆಯದು ಕಣ್ಣಿಗೆ ಕಾಣದ ನಾನ್‌ಜಾಯಿನರ್. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ‘ಟ್’ ಆದ ಮೇಲೆ ಅದನ್ನು ಹಾಕುತ್ತೇವೆ. ಇಲ್ಲದಿದ್ದರೆ ‘ವ’ ಹೋಗಿ ಒತ್ತಕ್ಷರವಾಗಿ ಕೆಳಗೆ ಕೂರುತ್ತದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ನಾರ್ಮಲೈಸ್ ಮಾಡಿದರೆ ಇದು ಹೋಗುವುದಿಲ್ಲ. ಜಾಯಿನರ್, ನಾನ್‌ಜಾಯಿನರ್ ಎರಡನ್ನೂ ಹುಡುಕುವ ಮುನ್ನ ನೀವೇ ಕಿತ್ತು ಹಾಕಬೇಕು. ಹೋಲಿಕೆಗೆ ಮಾತ್ರ. ತೋರಿಸುವ ಪದದಿಂದ ಕೀಳಬೇಡಿ.

ಮೂರನೆಯದು ಬಹಳ ತಮಾಷೆ. ಫ್ರೆಂಚ್ ಪದಗಳಿಗಾಗಿ ಯಾರೋ ಬರೆದ ‘ಉಚ್ಚಾರಣಾ ಚಿಹ್ನೆ ತೆಗೆಯುವ’ ಕೋಡ್ ನಕಲು ಮಾಡಿ ಹಾಕಿದ್ದೆ. ಅದು ಅಕ್ಷರಕ್ಕೆ ಅಂಟಿಕೊಳ್ಳುವ ಒಂದು ವರ್ಗದ ಚಿಹ್ನೆಗಳನ್ನೆಲ್ಲ ತೆಗೆಯುತ್ತದೆ. ಕನ್ನಡದ ಗುಡಿಸು, ಎತ್ವ, ಅರ್ಧಾಕ್ಷರದ ಚಿಹ್ನೆ ಅದೇ ವರ್ಗದಲ್ಲಿವೆ. ‘ಕಿವಿ’ ಹೋಗಿ ‘ಕವ’ ಆಯಿತು. ಕೊಂಬು ಬೇರೆ ವರ್ಗ, ಅದು ಬಚಾವು.

ತಿರುಗುಬಾಣ

@ಒತ್ತಕ್ಷರ ಇದನ್ನು ಬೇರೆಯೇ ಚರ್ಚೆಯಾಗಿ ಹಾಕಬೇಕಿತ್ತು, ಇಲ್ಲಿ ಮುಳುಗಿಹೋಗುತ್ತದೆ. ಜಿಟಿಕೆ 4ರ ಸ್ಟ್ರಿಂಗ್‌ಫಿಲ್ಟರ್ ಹೋಲಿಸುವ ಮುನ್ನ ಎರಡೂ ಕಡೆ ನಾರ್ಮಲೈಸ್ ಮಾಡುತ್ತದೆ. ಹಾಗಾಗಿ ನಿಮ್ಮ ಮೊದಲ ಸಮಸ್ಯೆ ಅಲ್ಲಿ ತಾನಾಗಿಯೇ ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ.

ಶೂನ್ಯಸೂಚಿ

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತೊಂದರೆ. ಲಿಪ್ಯಂತರ ಕೀಲಿಮಣೆಯಲ್ಲಿ ಪದ ಪೂರ್ತಿಯಾಗುವ ತನಕ ಅಕ್ಷರಗಳು ಅಡಿಗೆರೆ ಹಾಕಿಕೊಂಡು ತಾತ್ಕಾಲಿಕವಾಗಿ ನಿಂತಿರುತ್ತವೆ. ಕ್ಯೂಟಿಯಲ್ಲಿ ಆ ಹೊತ್ತಿಗೆ ಅವು ಬಾಕ್ಸ್‌ನ ಟೆಕ್ಸ್ಟ್‌ಗೆ ಸೇರಿರುವುದಿಲ್ಲ, ‘ಟೆಕ್ಸ್ಟ್ ಚೇಂಜ್ಡ್’ ಕೂಡ ಬರುವುದಿಲ್ಲ. ಬಳಕೆದಾರನಿಗೆ ಮಾತ್ರ ‘ಪದ ಕಾಣ್ತಾ ಇದೆ, ಯಾಕೆ ಹುಡುಕುತ್ತಿಲ್ಲ’ ಎನಿಸುತ್ತದೆ. ಇದು ತಪ್ಪಲ್ಲ, ಅದು ಹಾಗೇ.

ತಪ್ಪು ಆಗುವುದು ಎಂಟರ್ ಕೀಲಿಯನ್ನು ನೀವೇ ಕೆಳಮಟ್ಟದಲ್ಲಿ ಹಿಡಿದಾಗ. ಪದವನ್ನು ಖಾಯಂ ಮಾಡಲು ಅವನು ಒತ್ತಿದ ಎಂಟರ್ ನಿಮ್ಮ ಕೈಗೆ ಸಿಕ್ಕಿ ಹುಡುಕಾಟ ಶುರುವಾಗಿಬಿಡಬಹುದು. ವಿಜೆಟ್ ಕೊಡುವ ಸಿಗ್ನಲ್ ಬಳಸಿ, ಕೀಲಿ ಹಿಡಿಯಲು ಹೋಗಬೇಡಿ.

ಬೆಳ್ಳಿಚುಕ್ಕಿ

18,000 ಸಾಲಿಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಹಾಕಿ, ಅದರ ಪಠ್ಯ ಹುಡುಕುವ ಸೌಲಭ್ಯ ಎಫ್‌ಟಿಎಸ್ 5 ಬಳಸಿ. ಪಠ್ಯವನ್ನು ಮೂರು ಮೂರು ಅಕ್ಷರದ ತುಂಡು ಮಾಡುವ ಟ್ರೈಗ್ರಾಮ್ ಟೋಕನೈಸರ್ ಇದೆ, 3.34ರಿಂದ. ಪದದ ನಡುವಿನ ಭಾಗವೂ ಸಿಗುತ್ತದೆ. ಸಾಕು.

ಅರ್ಧವಿರಾಮ

@ಬೆಳ್ಳಿಚುಕ್ಕಿ ಬೆಟ್ಟ ಅಗೆದು ಇಲಿ ಹಿಡಿಯುವುದು ಯಾಕೆ? ಅದೂ ಟ್ರೈಗ್ರಾಮ್‌ಗೆ ಕನಿಷ್ಠ ಮೂರು ಅಕ್ಷರ ಬೇಕು. ಇವರ ಬಾಕ್ಸ್‌ನಲ್ಲಿ ಮೊದಲ ಅಕ್ಷರದಿಂದಲೇ ಪಟ್ಟಿ ಕಿರಿದಾಗಬೇಕು.

ಬೆಳ್ಳಿಚುಕ್ಕಿ

ಪುಸ್ತಕದ ಒಳಗಿನ ಪಠ್ಯವನ್ನೂ ಹುಡುಕಬೇಕಾದಾಗ ನನ್ನ ಮಾತು ನೆನಪಾಗುತ್ತದೆ.

ಕಿವಿಮಾತು

ನಾನು ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವನು. ನನ್ನ ಕಡೆಯಿಂದ ನಾಲ್ಕು ಮಾತು, ಬೈದ ಹಾಗೆ ಕೇಳಿಸಿದರೆ ಕ್ಷಮಿಸಿ.

ಬಾಕ್ಸ್ ಒಳಗಿನ ಮಸುಕು ಅಕ್ಷರವನ್ನೇ ಹೆಸರು ಎಂದುಕೊಳ್ಳಬೇಡಿ. ಏನಾದರೂ ಟೈಪ್ ಮಾಡಿದ ಕೂಡಲೇ ಅದು ಹೋಗುತ್ತದೆ. ವಾಪಸ್ ಬಂದಾಗ ನನಗೆ ಕೇಳುವುದು ‘ಎಡಿಟ್’ ಅಷ್ಟೇ. ಯಾವುದರ ಎಡಿಟ್? ಪ್ರತ್ಯೇಕ ಲೇಬಲ್ ಅಥವಾ ಆಕ್ಸೆಸಿಬಲ್ ಹೆಸರು ಕೊಡಿ. ಜಿಟಿಕೆ 4ರ ಸರ್ಚ್‌ಎಂಟ್ರಿ ‘ಸರ್ಚ್ ಬಾಕ್ಸ್’ ಎಂಬ ರೋಲನ್ನು (ತಾನು ಯಾವ ಬಗೆಯ ವಿಜೆಟ್ ಎಂಬುದನ್ನು) ಸ್ಕ್ರೀನ್ ರೀಡರ್‌ಗೆ ತಾನೇ ಹೇಳಿಕೊಳ್ಳುತ್ತದೆ. ಮಾಮೂಲಿ ಎಂಟ್ರಿಗೆ ಐಕಾನ್ ಅಂಟಿಸಿದ್ದರೆ ಅದೂ ಇಲ್ಲ. ಮೊದಲ ಪೋಸ್ಟ್‌ನಲ್ಲಿ ಕೇಳಿದ ‘ಒಳಗೆ ಬೇರೆ ಏನಾದರೂ ಇದೆಯಾ’ ಎಂಬುದಕ್ಕೆ ನನ್ನ ಉತ್ತರ ಇದು.

ಆಮೇಲೆ, ನೀವು ಟೈಪ್ ಮಾಡಿದಂತೆ ಪಟ್ಟಿ ಕಿರಿದಾಗುವುದು ನಿಮಗೆ ಕಾಣುತ್ತದೆ. ನನಗೆ ಪೂರ್ತಿ ಮೌನ. ‘12 ಸಿಕ್ಕಿವೆ’ ಎಂದು ಒಂದು ಸಾಲು ಓದಿಸಿ. ಆದರೆ ಪ್ರತಿ ಅಕ್ಷರಕ್ಕೂ ಓದಿಸಬೇಡಿ, ನಾನು ಒತ್ತಿದ ಅಕ್ಷರವೇ ಕೇಳಿಸದ ಹಾಗೆ ಆಗುತ್ತದೆ. ಇಲ್ಲಿ ಹಳೇ ಗಡಿಯಾರದವರ ಡಿಬೌನ್ಸ್ ಇರಲಿ, ಅರ್ಧ ಸೆಕೆಂಡ್ ಇಟ್ಟರೂ ನನಗೆ ಬೇಜಾರಿಲ್ಲ.

ಅಳಿಸುವ ಆ ಪುಟ್ಟ ಬಟನ್‌ಗೆ ಟ್ಯಾಬ್‌ನಿಂದ ಹೋಗಲು ಆಗದಿದ್ದರೆ ಪರವಾಗಿಲ್ಲ, ಎಸ್ಕೇಪ್ ಒತ್ತಿದರೆ ಅಳಿಸಲಿ.

ಹಳೇ ಗಡಿಯಾರ

ಕೊನೆಗೂ ಒಬ್ಬರು ನನ್ನ ಪರ.

ಕೊನೆಸಾಲು

ಎಸ್ಕೇಪ್ ಒತ್ತಿದರೆ ಅಳಿಸಬೇಕಾ, ಬಾಕ್ಸನ್ನೇ ಮುಚ್ಚಬೇಕಾ?

ಮೂಲೆಮನೆ

ಮುಚ್ಚಬೇಕು.

ಶೂನ್ಯಸೂಚಿ

ಅಳಿಸಬೇಕು.

ತಿರುಗುಬಾಣ

ಶುರುವಾಯಿತು. ಬಾಕ್ಸ್ ಯಾವಾಗಲೂ ಕಾಣುವಂತಿದ್ದರೆ ಅಳಿಸುವುದೇ ಸರಿ, ಮುಚ್ಚಲು ಏನೂ ಇಲ್ಲವಲ್ಲ. ಕಂಟ್ರೋಲ್ ಎಫ್ ಒತ್ತಿದಾಗ ಮೇಲಿಂದ ಇಳಿಯುವ ಸರ್ಚ್‌ಬಾರ್ ಆದರೆ ಮುಚ್ಚಬೇಕು. ಜಿಟಿಕೆಯಲ್ಲಿ ಎಸ್ಕೇಪ್ ಒತ್ತಿದರೆ ಸರ್ಚ್‌ಎಂಟ್ರಿ ‘ಸ್ಟಾಪ್ ಸರ್ಚ್’ ಸಿಗ್ನಲ್ ಬಿಡುತ್ತದೆ, ಸರ್ಚ್‌ಬಾರ್ ಒಳಗಿದ್ದರೆ ಬಾರ್ ಮುಚ್ಚಿಕೊಳ್ಳುತ್ತದೆ. ಹೊರಗಿದ್ದರೆ ಏನು ಮಾಡಬೇಕೆಂದು ನೀವು ನಿರ್ಧರಿಸಿ.

ಮ್ಯಾಕ್‌ನ ಎನ್‌ಎಸ್‌ಸರ್ಚ್‌ಫೀಲ್ಡ್‌ನಲ್ಲಿ ಎಸ್ಕೇಪ್ ಅಳಿಸುತ್ತದೆ. ಮ್ಯಾಕ್, ವಿಂಡೋಸ್ ಎರಡರಲ್ಲೂ ಓಡುವ ಡಬ್ಲ್ಯೂಎಕ್ಸ್‌ವಿಜೆಟ್ಸ್ ಲೈಬ್ರರಿಯ ಸರ್ಚ್‌ಕಂಟ್ರೋಲ್ ಮ್ಯಾಕ್ ಮೇಲೆ ಆ ಮೂಲ ಫೀಲ್ಡನ್ನೇ ಬಳಸುತ್ತದೆ. ಅಲ್ಲಿ ಚೆನ್ನಾಗಿ ಕಂಡದ್ದು ವಿಂಡೋಸ್‌ನಲ್ಲಿ ಬೇರೆ ಥರ ಇದ್ದರೆ ಗಾಬರಿಯಾಗಬೇಡಿ.

ಗೀಚುಗಾರ

ವಾಪಸ್ ಬಂದೆ. ಲಿಸ್ಟ್‌ಬಾಕ್ಸ್ ತೆಗೆದು ಕಾಲಂವ್ಯೂ ಹಾಕಿದೆ. ಆಪ್ ತೆರೆಯಲು ಮೊದಲು ಸುಮಾರು ಹೊತ್ತು ಹಿಡಿಯುತ್ತಿತ್ತು, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಅದನ್ನು ನಾನು ಕೇಳಿಯೂ ಇರಲಿಲ್ಲ, ಬೋನಸ್. ಬದಲಾಯಿಸುವ ಮುಂಚೆ ಹಳೆಯ ಕೋಡ್‌ಗೆ ಗಡಿಯಾರ ಇಟ್ಟು ಅಳೆದೆ: ಪದ ಹೊಂದುತ್ತದಾ ಎಂದು ನೋಡಲು 5 ಮಿಲಿಸೆಕೆಂಡ್. ಉಳಿದ ಸಮಯವೆಲ್ಲ ಪಟ್ಟಿ ಒಡೆದು ಕಟ್ಟುವುದಕ್ಕೆ. @ಅರ್ಧವಿರಾಮ ಹೇಳಿದ್ದೇ ಸರಿ.

ಫಿಲ್ಟರ್‌ಗೆ ಕಸ್ಟಮ್‌ಫಿಲ್ಟರ್ ಹಾಕಿ ಪೈಥಾನ್ ಫಂಕ್ಷನ್ ಕೊಟ್ಟಿದ್ದೇನೆ. ಸ್ವಲ್ಪ ಎಳೆಯುತ್ತದೆ, ಆದರೆ ನಿಲ್ಲುವುದಿಲ್ಲ.

ಬೆಳ್ಳಿಚುಕ್ಕಿ

ಸ್ಟ್ರಿಂಗ್‌ಫಿಲ್ಟರ್ ಹಾಕಿ, ಎಲ್ಲ ಸಿ ಭಾಷೆಯಲ್ಲೇ ನಡೆಯುತ್ತದೆ. ಎಳೆತ ಹೋಗುತ್ತದೆ.

ಶೂನ್ಯಸೂಚಿ

@ಬೆಳ್ಳಿಚುಕ್ಕಿ ಎಲ್ಲ ಅಲ್ಲ. ಅವರ ಸಾಲಿನ ಕ್ಲಾಸ್ ಪೈಥಾನ್‌ನಲ್ಲಿ ಬರೆದದ್ದು. ಶೀರ್ಷಿಕೆ ಎಂಬ ಪ್ರಾಪರ್ಟಿಯನ್ನು ಓದಲು ಪ್ರತಿ ಸಾಲಿಗೂ ಪೈಥಾನ್ ಬಾಗಿಲು ತಟ್ಟಲೇಬೇಕು. ಹೋಲಿಕೆ ಮಾತ್ರ ಸಿ ಭಾಷೆಯಲ್ಲಿ.

ನಿಜವಾದ ಲಾಭ ಬೇರೆ ಕಡೆ ಇದೆ. ‘ಕನ್’ ಇದ್ದದ್ದು ‘ಕನ್ನ’ ಆದರೆ ಹೊಂದುವ ಸಾಲು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಸ್ಟ್ರಿಂಗ್‌ಫಿಲ್ಟರ್ ಇದನ್ನು ತಾನೇ ಗುರುತಿಸಿ ‘ಇನ್ನೂ ಬಿಗಿಯಾಯಿತು’ ಎಂದು ಮಾಡೆಲ್‌ಗೆ ಹೇಳುತ್ತದೆ. ಆಗ ಮಾಡೆಲ್ ಆಗಲೇ ಹೊಂದಿದ್ದ ಸಾಲುಗಳನ್ನು ಮಾತ್ರ ಮತ್ತೆ ನೋಡುತ್ತದೆ. ಕಸ್ಟಮ್‌ಫಿಲ್ಟರ್‌ನಲ್ಲಿ ಅದನ್ನು ನೀವೇ ಹೇಳಬೇಕು. ಹೇಳದಿದ್ದರೆ ಪ್ರತಿ ಸಲ 18,000. ಅದೂ ಸಾಲದಿದ್ದರೆ ಮಾಡೆಲ್‌ನ ‘ಇನ್‌ಕ್ರಿಮೆಂಟಲ್’ ಆನ್ ಮಾಡಿ, ಕೆಲಸವನ್ನು ತುಂಡು ತುಂಡಾಗಿ ಮಾಡುತ್ತದೆ.

ಗೀಚುಗಾರ

@ಶೂನ್ಯಸೂಚಿ ಬಿಗಿಯಾಯಿತು ಎಂದು ಹೇಳುವ ಒಂದು ಸಾಲು ಸೇರಿಸಿದೆ. ಎಳೆತ ಹೋಯಿತು. @ಒತ್ತಕ್ಷರ ನಾನ್‌ಜಾಯಿನರ್ ಕೂಡ ಕಿತ್ತೆ. ನನ್ನ ಪಟ್ಟಿಯಲ್ಲಿ ಆ ಕಾರಣಕ್ಕೇ ಎಷ್ಟೋ ಪುಸ್ತಕ ಅಡಗಿ ಕೂತಿದ್ದವು!

ಈಗ ಹೊಸದೊಂದು. ಬೇಗ ಒಂದು ಹೆಸರು ಟೈಪ್ ಮಾಡಿ ಕೂಡಲೇ ಎಂಟರ್ ಒತ್ತಿದರೆ ಬೇರೆ ಯಾವುದೋ ಪುಸ್ತಕ ತೆರೆಯುತ್ತದೆ. ಒಂದು ಕ್ಷಣ ತಡೆದು ಒತ್ತಿದರೆ ಸರಿಯಾದದ್ದೇ ತೆರೆಯುತ್ತದೆ. ದೆವ್ವ ಹಿಡಿದಿದೆಯಾ?

ತಿರುಗುಬಾಣ

ದೆವ್ವ ಅಲ್ಲ, ಅದೇ 150. ಎಂಟರ್‌ನ ‘ಆಕ್ಟಿವೇಟ್’ ಸಿಗ್ನಲ್ ತಕ್ಷಣ ಬರುತ್ತದೆ. ‘ಸರ್ಚ್ ಚೇಂಜ್ಡ್’ ಇನ್ನೂ ದಾರಿಯಲ್ಲಿದೆ. ಅಂದರೆ ಪಟ್ಟಿಯಲ್ಲಿ ಇನ್ನೂ ಹಳೆಯ ಪದದ ಫಲಿತಾಂಶ ಇದೆ, ನೀವು ಅದರ ಮೊದಲ ಸಾಲನ್ನು ತೆರೆಯುತ್ತಿದ್ದೀರಿ. ‘ಆಕ್ಟಿವೇಟ್’ ಬಂದಾಗ ಬಾಕ್ಸ್‌ನ ಈಗಿನ ಅಕ್ಷರವನ್ನು ಓದಿ, ಫಿಲ್ಟರ್‌ಗೆ ಕೊಟ್ಟು, ಆಮೇಲೆ ಮೊದಲ ಸಾಲು ತೆರೆಯಿರಿ. ‘ಇನ್‌ಕ್ರಿಮೆಂಟಲ್’ ಆನ್ ಮಾಡಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಫಿಲ್ಟರ್ ಮುಗಿಯುವ ಮೊದಲೇ ತೆರೆಯುತ್ತೀರಿ.

ಅರ್ಧವಿರಾಮ

ಅಥವಾ ಸರ್ಚ್ ಡಿಲೇಯನ್ನೇ ಸೊನ್ನೆ ಮಾಡಿ. ಈಗ ಫಿಲ್ಟರ್ ಅಷ್ಟು ವೇಗ ಇದೆಯಲ್ಲ, ಕಾಯುವುದು ಯಾತಕ್ಕೆ?

ಹಳೇ ಗಡಿಯಾರ

ಇದನ್ನು ಓದಲು ನಾನು ಇನ್ನೂ ಇಲ್ಲೇ ಇದ್ದೇನೆ ಎಂಬುದು ನೆನಪಿರಲಿ.

ಗೀಚುಗಾರ

ಸೊನ್ನೆ ಮಾಡಿದೆ. ಸರಿಹೋಯಿತು. ‘ಆಕ್ಟಿವೇಟ್’ನಲ್ಲೂ ಆ ಮೂರು ಸಾಲು ಬರೆದಿಟ್ಟೆ, ನಾಳೆ ಯಾರಾದರೂ 150 ವಾಪಸ್ ತಂದರೆ ಇರಲಿ ಎಂದು.

ಪುಟಾಣಿ ಪ್ರೋಗ್ರಾಮರ್

ಸರ್, ಟಿಕಿಂಟರ್‌ನಲ್ಲಿ ಭೂತಗನ್ನಡಿ ಐಕಾನ್ ಎಂಟ್ರಿ ಒಳಗೆ ಇಡುವುದು ಹೇಗೆ?

ಶೂನ್ಯಸೂಚಿ

@ಪುಟಾಣಿ ಪ್ರೋಗ್ರಾಮರ್ ಒಳಗೆ ಇಡಲು ನೇರ ದಾರಿ ಇಲ್ಲ. ಒಂದು ಫ್ರೇಮ್ ಮಾಡಿ, ಅದರಲ್ಲಿ ಲೇಬಲ್‌ಗೆ ಚಿತ್ರ ಹಾಕಿ, ಪಕ್ಕದಲ್ಲಿ ಬಾರ್ಡರ್ ಇಲ್ಲದ ಎಂಟ್ರಿ ಇಡಿ. ಫ್ರೇಮ್‌ಗೆ ಬಾರ್ಡರ್ ಕೊಟ್ಟರೆ ಎರಡೂ ಒಂದೇ ಬಾಕ್ಸ್ ಹಾಗೆ ಕಾಣುತ್ತವೆ. ಚಿತ್ರದ ರೆಫರೆನ್ಸ್ ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಫಂಕ್ಷನ್ ಮುಗಿದ ಕೂಡಲೇ ಭೂತಗನ್ನಡಿ ಮಾಯ.